ಎರಡು ವರ್ಷದ ಮೊಬೈಲ್ ಕಾಂಟ್ರಾಕ್ಟ್ ಮುಗಿದಾಗ: ಜರ್ಮನಿಯಿಂದ ಒಂದು ಅನುಭವ

ಜರ್ಮನಿಗೆ ಬಂದ ಹೊಸತರಲ್ಲಿ ಬಾಡಿಗೆ ಮನೆಯ ಕರಾರು ಆದ ಬೆನ್ನಲ್ಲೇ ನಮ್ಮವರು ಸಹಿ ಹಾಕುವುದು ಮೊಬೈಲ್ ಕಾಂಟ್ರಾಕ್ಟ್‌ಗೆ. ಊರಲ್ಲಿ ನಮಗೆ ಗೊತ್ತಿರುವುದು ರೀಚಾರ್ಜ್. ದುಡ್ಡು ಹಾಕಿದರೆ ಫೋನ್ ನಡೆಯುತ್ತದೆ, ಹಾಕದಿದ್ದರೆ ನಿಲ್ಲುತ್ತದೆ. ಇಲ್ಲಿ ಹಾಗಲ್ಲ. 24 ತಿಂಗಳಿಗೆ ಸಹಿ ಹಾಕಿದರೆ ಹೊಸ ಫೋನ್ ಕೈಗೆ ಬರುತ್ತದೆ, ತಿಂಗಳು ತಿಂಗಳು ಬ್ಯಾಂಕ್ ಖಾತೆಯಿಂದ ದುಡ್ಡು ತಾನಾಗಿಯೇ ಹೋಗುತ್ತಿರುತ್ತದೆ. 24 ತಿಂಗಳು ಮುಗಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಏನೂ ಆಗುವುದಿಲ್ಲ. ಅದೇ ತೊಂದರೆ. ಫೋನಿನ ದುಡ್ಡು ತೀರಿ ಹೋಗಿದ್ದರೂ ಬಿಲ್ ಅಷ್ಟೇ ಬರುತ್ತದೆ. ಪ್ಲಾನ್ ಮತ್ತು ಫೋನ್ ಎರಡಕ್ಕೂ ಸೇರಿಸಿ ಒಂದೇ ಮೊತ್ತ ಬರೆದಿರುವ ಕಾಂಟ್ರಾಕ್ಟ್‌ಗಳಲ್ಲಿ, ನೀವಾಗಿಯೇ ರದ್ದು ಮಾಡುವವರೆಗೆ ಆ ಮೊತ್ತ ಇಳಿಯುವುದೇ ಇಲ್ಲ. ನನ್ನದೂ ಅಂಥದ್ದೇ ಕಾಂಟ್ರಾಕ್ಟ್. ಅದು ಮುಗಿಯಲು ನಾಲ್ಕು ತಿಂಗಳು ಇದೆ ಅನ್ನುವಾಗ ನಾನೂ ಹೆಂಡತಿಯೂ ಕೂತು ಲೆಕ್ಕ ಹಾಕಿದೆವು. ಇಲ್ಲಿಗೆ ಹೊಸದಾಗಿ ಬರುವ ನಮ್ಮ ಹುಡುಗ ಹುಡುಗಿಯರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಅದಕ್ಕೆ ನಾವು ಮಾಡಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ಹಳೆ ಲೆಕ್ಕ ಹೀಗಿತ್ತು. ತಿಂಗಳಿಗೆ 44.99 ಯೂರೊ. 24 ತಿಂಗಳಿಗೆ 1079.76. ಶುರುವಿನಲ್ಲಿ ಫೋನಿಗೆ ಅಂತ 99 ಯೂರೊ, ಕನೆಕ್ಷನ್ ಚಾರ್ಜ್ ಅಂತ 39.99. ಒಟ್ಟು 1218.75 ಯೂರೊ. ಅದೇ ನೆಟ್‌ವರ್ಕ್‌ನಲ್ಲಿ ಬರೀ ಸಿಮ್ ಇರುವ, ಹೆಚ್ಚು ಕಡಿಮೆ ಅಷ್ಟೇ ಡೇಟಾದ ಪ್ಲಾನ್ 15 ಯೂರೊಗೆ ಸಿಗುತ್ತಿತ್ತು. ಅಂದರೆ 24 ತಿಂಗಳಿಗೆ 360. ಉಳಿದ 858 ಚಿಲ್ಲರೆ ಯೂರೊ ಪೂರ್ತಿ ಆ ಫೋನಿಗೇ ಹೋಗಿದೆ. ಅಷ್ಟು ಬೆಲೆಯ ಫೋನ್ ಅದಲ್ಲ. ಅದೂ ಹೋಗಲಿ. 25ನೇ ತಿಂಗಳಿನಿಂದ ಸುಮ್ನೆ ಬಿಟ್ಟಿದ್ದರೆ ತಿಂಗಳಿಗೆ 30 ಯೂರೊ ಯಾವುದಕ್ಕೂ ಅಲ್ಲದೆ ಹೋಗುತ್ತಿತ್ತು. ವರ್ಷಕ್ಕೆ 360 ಯೂರೊ. ನಮಗೆ ಗೊತ್ತಿರುವ ಒಂದು ಕುಟುಂಬ ಮೂರು ವರ್ಷ ಹೀಗೇ ಕಟ್ಟಿದೆ. ಅವರಿಗೆ ಭಾಷೆ ಬರುತ್ತಿರಲಿಲ್ಲ, ಬಿಲ್ ಓದಿ ಹೇಳುವವರೂ ಇರಲಿಲ್ಲ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇನ್ನು ಕಾನೂನಿನ ವಿಷಯ. ಇಲ್ಲಿ ಕಾನೂನು ಗಿರಾಕಿಯ ಪರ ಇದೆ, ಆದರೆ ಅದು ನಮಗೆ ಗೊತ್ತಿರಬೇಕು. ಹಿಂದೆಲ್ಲ, ಮುಗಿಯುವುದಕ್ಕೆ ಮೂರು ತಿಂಗಳ ಮೊದಲೇ ರದ್ದು ಮಾಡದಿದ್ದರೆ ಕಾಂಟ್ರಾಕ್ಟ್ ಇನ್ನೊಂದು ವರ್ಷಕ್ಕೆ ಮುಂದುವರಿಯುತ್ತಿತ್ತು. ಹಳಬರು ಈಗಲೂ ಅದನ್ನೇ ಹೇಳಿ ಹೆದರಿಸುತ್ತಾರೆ. 2021ರ ಡಿಸೆಂಬರ್ 1ರಿಂದ ಹೊಸ ಟೆಲಿಕಾಂ ಕಾಯ್ದೆ ಬಂತು. ಮೊದಲ ಅವಧಿ ಮುಗಿದ ಮೇಲೆ ಯಾವಾಗ ಬೇಕಾದರೂ ಒಂದು ತಿಂಗಳ ನೋಟಿಸ್ ಕೊಟ್ಟು ಹೊರಗೆ ಬರಬಹುದು. ನಂಬರ್ ಬೇರೆ ಕಂಪನಿಗೆ ಒಯ್ಯಲು ಹಿಂದೆ ಚಾರ್ಜ್ ಇತ್ತು, ಅದೂ ಅವತ್ತಿನಿಂದಲೇ ಗಿರಾಕಿಗೆ ಉಚಿತವಾಯಿತು. 2022ರ ಜುಲೈ 1ರಿಂದ ಇನ್ನೊಂದು ಒಳ್ಳೆಯದಾಯಿತು. ಆನ್‌ಲೈನ್‌ನಲ್ಲಿ ಕಾಂಟ್ರಾಕ್ಟ್ ಮಾರುವ ಪ್ರತಿ ಕಂಪನಿಯೂ ತನ್ನ ವೆಬ್‌ಸೈಟ್‌ನಲ್ಲಿ ರದ್ದು ಮಾಡುವ ಬಟನ್ ಇಡಲೇಬೇಕು. ಲಾಗಿನ್ ಇಲ್ಲದೆಯೂ ಅದು ಸಿಗಬೇಕು.

ಆ ಬಟನ್ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಹುಡುಕುವುದರಲ್ಲೇ ಎಷ್ಟೋ ಜನ ಸೋಲುತ್ತಾರೆ. ಪುಟದ ಕಟ್ಟಕಡೆಗೆ ಹೋಗಿ. ಕಂಪನಿಯ ವಿಳಾಸ, ಷರತ್ತುಗಳು ಇರುವ ಸಣ್ಣ ಅಕ್ಷರದ ಸಾಲಿನಲ್ಲಿ ‘ಫೆರ್ಟ್ರೇಗೆ ಹಿಯರ್ ಕ್ಯೂಂಡಿಗೆನ್’ ಅಂತ ಇರುತ್ತದೆ, ‘ಕಾಂಟ್ರಾಕ್ಟ್ ಇಲ್ಲಿ ರದ್ದು ಮಾಡಿ’ ಅಂತ ಅರ್ಥ. ಒತ್ತಿದರೆ ಒಂದು ಫಾರ್ಮ್ ಬರುತ್ತದೆ. ಹೆಸರು, ಗ್ರಾಹಕ ಸಂಖ್ಯೆ, ಮೊಬೈಲ್ ನಂಬರ್, ಇಮೇಲ್. ಯಾವ ದಿನಕ್ಕೆ ರದ್ದು ಅಂತ ಕೇಳಿದ ಕಡೆ ‘ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ’ ಅನ್ನುವುದನ್ನು ಆರಿಸಿ. ಆಗ ದಿನಾಂಕದ ಲೆಕ್ಕ ಅವರೇ ಹಾಕುತ್ತಾರೆ, ಮೊದಲ ಅವಧಿ ಮುಗಿಯುವ ದಿನಕ್ಕೆ ಸರಿಯಾಗಿ ರದ್ದಾಗುತ್ತದೆ. ಕೊನೆಗೆ ಇನ್ನೊಂದು ಬಟನ್ ಒತ್ತಿದ ಕೂಡಲೇ ದಿನಾಂಕ, ಸಮಯ ಸಮೇತ ಇಮೇಲ್ ಬರಬೇಕು. ಬರಲೇಬೇಕು ಅಂತ ಕಾನೂನಿದೆ. ನನಗೆ ಬಂತು. ಅದನ್ನು ಪಿಡಿಎಫ್ ಮಾಡಿ ಇಟ್ಟುಕೊಂಡೆ.

ಮಾರನೆ ವಾರ ಕಂಪನಿಯಿಂದ ಕಾಗದ ಬಂತು. ‘ನಿಮ್ಮ ರದ್ದತಿಯ ಬಗ್ಗೆ ಕೆಲವು ಪ್ರಶ್ನೆಗಳಿವೆ, ದಯವಿಟ್ಟು ಈ ನಂಬರ್‌ಗೆ ಕರೆ ಮಾಡಿ.’ ಕರೆ ಮಾಡದಿದ್ದರೆ ರದ್ದಾಗುವುದಿಲ್ಲವೇನೋ ಅನ್ನಿಸುವ ಹಾಗೆ ಬರೆದಿದ್ದರು. ನಾನು ಕರೆ ಮಾಡಲಿಲ್ಲ. ರದ್ದು ಮಾಡಲು ಅವರ ಒಪ್ಪಿಗೆ ಬೇಕಿಲ್ಲ, ರದ್ದು ಮಾಡಿದ್ದೇವೆ ಅನ್ನುವುದು ಅವರಿಗೆ ತಲುಪಿದರೆ ಸಾಕು. ಆಮೇಲೆ ಅವರೇ ಫೋನ್ ಮಾಡಿದರು. ಮಾತು ತುಂಬಾ ನಯವಾಗಿತ್ತು. “ಎರಡು ವರ್ಷದಿಂದ ನಮ್ಮ ಜೊತೆ ಇದ್ದೀರಿ, ನಿಮಗೋಸ್ಕರವೇ ಒಂದು ಆಫರ್ ಇಟ್ಟಿದ್ದೇವೆ. ಹೊಸ ಫೋನ್, ಬರೀ 1 ಯೂರೊ. ತಿಂಗಳಿಗೆ 39.99. ಈಗಲೇ ಹ್ಞೂಂ ಅಂದರೆ ನಾಳೆಯೇ ಕಳಿಸುತ್ತೇವೆ.” ಎಲ್ಲವನ್ನೂ ಬರವಣಿಗೆಯಲ್ಲಿ ಕಳಿಸಿ, ಓದಿ ಹೇಳುತ್ತೇನೆ ಅಂದೆ. ಇದನ್ನು ಎಲ್ಲರೂ ತಿಳಿದಿರಬೇಕು. ಹೊಸ ಕಾಯ್ದೆಯ ಪ್ರಕಾರ, ಕಾಂಟ್ರಾಕ್ಟಿನ ಸಾರಾಂಶ ಕೈಗೆ ಬರದೆ ಫೋನಲ್ಲಿ ಹೂಂ ಅಂದ ಮಾತ್ರಕ್ಕೆ ಕಾಂಟ್ರಾಕ್ಟ್ ಆಗುವುದಿಲ್ಲ. ಅವರು ಆ ಸಾರಾಂಶವನ್ನು ಮೊದಲು ಬರವಣಿಗೆಯಲ್ಲಿ ಕೊಡಬೇಕು. ಮೊದಲು ಕೊಡದೆ ಆಮೇಲೆ ಕಳಿಸಿದರೆ, ನಾವು ಬರವಣಿಗೆಯಲ್ಲೇ ಒಪ್ಪಿದ ಮೇಲಷ್ಟೇ ಕಾಂಟ್ರಾಕ್ಟ್. ಗೊತ್ತಿಲ್ಲದವರು ಫೋನಿಟ್ಟ ಮೇಲೆ ‘ಇನ್ನು ಕಟ್ಟಲೇಬೇಕಲ್ಲ’ ಅಂತ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಡಿ.

ಅವರ ಸಾರಾಂಶ ಬಂದ ಮೇಲೆ ಮತ್ತೆ ಲೆಕ್ಕ. 39.99ರ ಹಾಗೆ 24 ತಿಂಗಳು, 959.76. ಫೋನಿಗೆ 1 ಯೂರೊ, ಕನೆಕ್ಷನ್ ಚಾರ್ಜ್ 39.99. ಒಟ್ಟು 1000.75. ಅದೇ ಮಾಡೆಲ್ ಫೋನ್ ಆನ್‌ಲೈನ್‌ನಲ್ಲಿ 389 ಯೂರೊಗೆ ಇತ್ತು. ಬರೀ ಸಿಮ್ ಪ್ಲಾನ್ 14.99ಕ್ಕೆ, 24 ತಿಂಗಳಿಗೆ 359.76. ಎರಡೂ ಸೇರಿ 748.76. ವ್ಯತ್ಯಾಸ 252 ಯೂರೊ, ನಮ್ಮ ದುಡ್ಡಲ್ಲಿ ಸುಮಾರು ಇಪ್ಪತ್ತೈದು ಸಾವಿರ ರೂಪಾಯಿ. ಅದರ ಮೇಲೆ ಆ ಸಿಮ್ ಪ್ಲಾನ್ ತಿಂಗಳ ನೋಟಿಸ್‌ನಲ್ಲಿ ಬಿಡಬಹುದಾದದ್ದು. ನಾಳೆ ಊರಿಗೆ ವಾಪಸ್ ಹೋಗಬೇಕಾಗಿ ಬಂದರೂ ಎರಡು ವರ್ಷದ ಕಟ್ಟು ಇಲ್ಲ. ನಮ್ಮಂಥವರಿಗೆ ಅದು 252 ಯೂರೊಗಿಂತ ದೊಡ್ಡದು. ಕೆಲಸ ಹೋದರೆ ಅಥವಾ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಗಂಟು ಮೂಟೆ ಕಟ್ಟಬೇಕಾದವರು ನಾವು.

ಹಾಗಾಗಿ ಫೋನ್ ಬೇರೆ, ಪ್ಲಾನ್ ಬೇರೆ ಅಂತ ಅಲ್ಲಿಗೇ ತೀರ್ಮಾನವಾಯಿತು. ಒಂದು ಮಾತು ಮಾತ್ರ ಸೇರಿಸಬೇಕು. ಕೈಯಲ್ಲಿ ಒಟ್ಟಿಗೆ ನಾನೂರು ಯೂರೊ ಇಲ್ಲದ ವಿದ್ಯಾರ್ಥಿಗೆ ಕಂತಿನ ಫೋನ್ ಬೇಕಾಗಬಹುದು. ಆಗಲೂ ಪ್ಲಾನ್‌ಗೆ ಎಷ್ಟು, ಫೋನಿಗೆ ಎಷ್ಟು ಅಂತ ಬಿಲ್‌ನಲ್ಲಿ ಬೇರೆ ಬೇರೆ ತೋರಿಸುವ ಕಾಂಟ್ರಾಕ್ಟ್ ಹುಡುಕಿ. ಹಾಗಿದ್ದರೆ ಫೋನಿನ ಕಂತು ತೀರಿದ ತಿಂಗಳೇ ಬಿಲ್ ಇಳಿಯುತ್ತದೆ.

ಈಗ ನೆಟ್‌ವರ್ಕ್. ಜರ್ಮನಿಯಲ್ಲಿ ಅಂಗಡಿ ತುಂಬಾ ಹೆಸರುಗಳಿವೆ, ಆದರೆ ನಿಜವಾದ ನೆಟ್‌ವರ್ಕ್ ಇರುವುದು ಟೆಲಿಕಾಮ್, ವೊಡಾಫೋನ್, ಓ2 ಮೂರಕ್ಕೆ. ನಾಲ್ಕನೆಯದಾಗಿ 1 ಉಂಡ್ 1 ಕಂಪನಿ ತನ್ನದೇ ನೆಟ್‌ವರ್ಕ್ ಕಟ್ಟುತ್ತಿದೆ. ಉಳಿದವರೆಲ್ಲ ಇವರ ಟವರ್ ಮೇಲೆ ನಡೆಯುವವರು. ಆಲ್ದಿ ಸೂಪರ್ ಮಾರ್ಕೆಟ್‌ನ ಆಲ್ದಿ ಟಾಕ್ ಓ2 ಮೇಲೆ, ಲಿಡ್ಲ್ ಸೂಪರ್ ಮಾರ್ಕೆಟ್‌ನ ಲಿಡ್ಲ್ ಕನೆಕ್ಟ್ ವೊಡಾಫೋನ್ ಮೇಲೆ, ಕಾಂಗ್‌ಸ್ಟಾರ್ ಟೆಲಿಕಾಮ್ ಮೇಲೆ. ಹೀಗಾಗಿ ಬೇಳೆ, ಹಾಲು ತರುವ ಸೂಪರ್ ಮಾರ್ಕೆಟ್‌ನಲ್ಲೇ ಸಿಮ್ಮೂ ಸಿಗುತ್ತದೆ, ಅದೂ ಕಡಿಮೆ ಬೆಲೆಗೆ.

ನಾವಿರುವುದು ಫ್ರೀಡ್ರಿಷ್‌ಹಾಫೆನ್‌ನಲ್ಲಿ, ಬೋಡನ್ಸೇ ಸರೋವರದ ದಡದಲ್ಲಿ. ಕೆಲಸಕ್ಕೆ ಊಬರ್‌ಲಿಂಗನ್‌ಗೆ ರೈಲಿನಲ್ಲಿ ಹೋಗುತ್ತೇನೆ. ಮಾರ್ಕ್‌ಡಾರ್ಫ್, ಸಾಲೆಮ್ ದಾಟಿ ಸೇಬಿನ ತೋಟಗಳ ನಡುವೆ ಹೋಗುವ ದಾರಿ ಅದು. ಅಲ್ಲಲ್ಲಿ ಸಿಗ್ನಲ್ ಇರುವುದಿಲ್ಲ. ಯಾವ ಕಂಪನಿ ಚೆನ್ನಾಗಿದೆ ಅಂತ ಬೆಂಗಳೂರಿನವರನ್ನೋ ಮ್ಯೂನಿಕ್‌ನವರನ್ನೋ ಕೇಳಿ ಪ್ರಯೋಜನ ಇಲ್ಲ. ನಮ್ಮ ರೈಲಿನಲ್ಲೇ ಮೂರು ನೆಟ್‌ವರ್ಕ್‌ನ ಮೂವರು ಸಹೋದ್ಯೋಗಿಗಳು ಬರುತ್ತಾರೆ. ಒಂದು ಬೆಳಿಗ್ಗೆ ಮೂವರ ಫೋನನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ದಾರಿಯುದ್ದಕ್ಕೂ ನೋಡಿದೆವು. ಒಂದು ಫೋನ್ ಸಾಲೆಮ್ ಹತ್ತಿರ ಪೂರ್ತಿ ಸತ್ತುಹೋಯಿತು. ಇನ್ನೊಂದು ಎಡ್ಜ್‌ಗೆ, ಅಂದರೆ ನಿಧಾನದ 2ಜಿ ಇಂಟರ್ನೆಟ್‌ಗೆ ಇಳಿಯಿತು. ಮೂರನೆಯದು ಊಬರ್‌ಲಿಂಗನ್ ಹತ್ತಿರದ ಸುರಂಗದವರೆಗೂ ತಡೆದುಕೊಂಡಿತು. ಬುಂಡೆಸ್‌ನೆಟ್ಸ್‌ಅಗೆಂಟೂರ್ ಅನ್ನುವ ಸರ್ಕಾರಿ ಸಂಸ್ಥೆಯ ನಕ್ಷೆಯಲ್ಲೂ ಯಾವ ಜಾಗದಲ್ಲಿ ಯಾರ ಸಿಗ್ನಲ್ ಇದೆ ಅಂತ ನೋಡಬಹುದು. ಅದನ್ನೂ ನೋಡಿದೆ. ಆದರೆ ನಮ್ಮ ಅಡುಗೆಮನೆಯಲ್ಲಿ ಸಿಗ್ನಲ್ ಬರುತ್ತಾ ಅನ್ನುವುದು ಯಾವ ನಕ್ಷೆಯಲ್ಲೂ ಇರುವುದಿಲ್ಲ, ಅಲ್ವಾ? ಅದಕ್ಕೆ ಆ ಮೂವರನ್ನೂ ಒಂದು ಭಾನುವಾರ ಊಟಕ್ಕೆ ಕರೆದೆವು. ಬಿಸಿಬೇಳೆಬಾತ್ ಬಡಿಸುವ ಮೊದಲು ಫೋನುಗಳು ಅಡುಗೆಮನೆಯ ಕಟ್ಟೆ ಮೇಲೆ, ಬಾತ್‌ರೂಮಿನಲ್ಲಿ, ನೆಲಮಾಳಿಗೆಯಲ್ಲಿ ಒಂದು ಸುತ್ತು ಬಂದವು.

ನಮ್ಮೂರಿಗೆ ಇನ್ನೊಂದು ಸಮಸ್ಯೆ ಇದೆ. ಸರೋವರದ ಆಚೆ ದಡ ಸ್ವಿಜರ್ಲೆಂಡ್. ಸಂಜೆ ನೀರಿನ ಪಕ್ಕ ನಡೆಯುವಾಗ ಫೋನು ಆಚೆ ದಡದ ಟವರ್ ಹಿಡಿದು ‘ಸ್ವಿಜರ್ಲೆಂಡ್‌ಗೆ ಸ್ವಾಗತ’ ಅನ್ನುವ ಮೆಸೇಜ್ ಕಳಿಸುತ್ತದೆ. ರೋಮನ್ಸ್‌ಹಾರ್ನ್‌ಗೆ ಹೋಗುವ ಫೆರಿ ಹತ್ತಿದರಂತೂ ಅರ್ಧ ದಾರಿಯಲ್ಲೇ. 2017ರ ಜೂನ್ 15ರಿಂದ ಯೂರೋಪಿಯನ್ ಯೂನಿಯನ್ ಒಳಗೆ ರೋಮಿಂಗ್‌ಗೆ ಹೆಚ್ಚುವರಿ ದುಡ್ಡಿಲ್ಲ. ಪಕ್ಕದ ಆಸ್ಟ್ರಿಯಾದ ಬ್ರೆಗೆಂಜ್‌ಗೆ ಹೋದರೆ ಚಿಂತೆಯಿಲ್ಲ. ಸ್ವಿಜರ್ಲೆಂಡ್ ಯೂನಿಯನ್‌ನಲ್ಲಿ ಇಲ್ಲ. ಕೆಲವು ಪ್ಲಾನ್‌ಗಳಲ್ಲಿ ಸ್ವಿಜರ್ಲೆಂಡ್ ಸೇರಿರುತ್ತದೆ, ಕಡಿಮೆ ಬೆಲೆಯ ಎಷ್ಟೋ ಪ್ಲಾನ್‌ಗಳಲ್ಲಿ ಇರುವುದಿಲ್ಲ. ಜಾಹೀರಾತಿನ ಪುಟದಲ್ಲಿ ಇದನ್ನು ಬರೆದಿರುವುದಿಲ್ಲ, ಬೆಲೆಪಟ್ಟಿಯ ಪಿಡಿಎಫ್‌ನಲ್ಲಿ ಹುಡುಕಬೇಕು. ದಡದಲ್ಲಿ, ಗಡಿಯಲ್ಲಿ ಇರುವವರಿಗೆ ಡೇಟಾಗಿಂತ ಇದು ಮುಖ್ಯ. ನಾವು ಸ್ವಿಜರ್ಲೆಂಡ್ ಸೇರಿರುವ ಪ್ಲಾನ್ ಅನ್ನೇ ತೆಗೆದುಕೊಂಡೆವು, ತಿಂಗಳಿಗೆ ಎರಡು ಯೂರೊ ಜಾಸ್ತಿ ಆದರೂ. ಮೇಲೆ ಹೇಳಿದ 14.99ರಲ್ಲಿ ಆ ಎರಡು ಯೂರೊ ಸೇರಿದೆ.

ಡೇಟಾ ಎಷ್ಟು ಬೇಕು ಅನ್ನುವುದಕ್ಕೆ ಜಾಸ್ತಿ ಯೋಚಿಸಲಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ತಿಂಗಳ ಬಳಕೆ ಇರುತ್ತದೆ. ನನ್ನದು ಏಳೆಂಟು ಜಿಬಿ ದಾಟಿರಲಿಲ್ಲ. ಮನೆಯಲ್ಲಿ, ಆಫೀಸಿನಲ್ಲಿ ವೈಫೈ ಇದ್ದೇ ಇದೆ. ಹಳೆ ಪ್ಲಾನ್ 40 ಜಿಬಿಯದ್ದು.

ಇಂಡಿಯಾಗೆ ಮಾಡುವ ಕರೆಗಳ ಬಗ್ಗೆ ಒಂದು ಮಾತು. ಅಮ್ಮ, ತಮ್ಮ ಎಲ್ಲರೂ ವಾಟ್ಸಾಪ್‌ನಲ್ಲಿ ಸಿಗುತ್ತಾರೆ. ಅಜ್ಜಿಯ ಹತ್ತಿರ ಮಾತ್ರ ಕೀಪ್ಯಾಡ್ ಫೋನು. ಅರಸೀಕೆರೆ ಪಕ್ಕದ ಹಳ್ಳಿಯಲ್ಲಿ ಅವರಿಗೆ ಅದೇ ಸಲೀಸು. ಜರ್ಮನಿಯ ಮಾಮೂಲಿ ಪ್ಲಾನ್‌ನಿಂದ ಇಂಡಿಯಾಗೆ ನೇರ ಕರೆ ಮಾಡುವುದು ಬಲು ದುಬಾರಿ. ಲೆಬಾರಾ, ಲೈಕಾಮೊಬೈಲ್ ಥರದ ಕಂಪನಿಗಳ ಕೆಲವು ಪ್ಲಾನ್‌ಗಳಲ್ಲಿ ಇಂಡಿಯಾ ನಿಮಿಷಗಳು ಸೇರಿರುತ್ತವೆ. ಅಪ್ಪ ಅಮ್ಮ ಇನ್ನೂ ಕೀಪ್ಯಾಡ್ ಫೋನ್ ಬಳಸುವ ಮನೆಯವರು ಅದನ್ನು ಖಂಡಿತ ನೋಡಬೇಕು. ಚಿಕ್ಕಮ್ಮ ದಿನಾ ಅಜ್ಜಿಯ ಹತ್ತಿರ ಹೋಗುತ್ತಾರೆ, ಅವರ ಫೋನಿನಲ್ಲಿ ಅಜ್ಜಿಯ ಮುಖ ನೋಡಿಯೇ ಮಾತಾಡುತ್ತೇವೆ. ಹಾಗಾಗಿ ನಮಗೆ ಆ ನಿಮಿಷಗಳು ಬೇಕಾಗಲಿಲ್ಲ.

ಇಂಡಿಯಾದ ಸಿಮ್ ವಿಷಯ ಇದಕ್ಕಿಂತ ದೊಡ್ಡದು. ಬ್ಯಾಂಕು, ಆಧಾರ್, ಅಮ್ಮನ ಔಷಧಿ ತರಿಸುವ ಆ್ಯಪ್, ಎಲ್ಲದರ ಓಟಿಪಿ ಬರುವುದು ಆ ನಂಬರ್‌ಗೆ. 2023ರ ಜನವರಿಯಲ್ಲಿ ವಿದೇಶದ ನಂಬರ್‌ನಲ್ಲೇ ಯುಪಿಐ ಬಳಸಲು ಹತ್ತು ದೇಶದವರಿಗೆ ಅನುಮತಿ ಸಿಕ್ಕಿತು. ಆ ಪಟ್ಟಿಯಲ್ಲಿ ಅಮೆರಿಕ, ಸಿಂಗಪುರ, ಯುಎಇ ಇದ್ದವು, ಜರ್ಮನಿ ಇರಲಿಲ್ಲ. ಆದ್ದರಿಂದ ನಮ್ಮ ಊರಿನ ನಂಬರ್ ಬದುಕಿರಲೇಬೇಕು. ಹಿಂದೆ ಬರೀ ಓಟಿಪಿಗೋಸ್ಕರ ದಿನಕ್ಕಿಷ್ಟು ಜಿಬಿ ಇರುವ ಪ್ಯಾಕ್ ಹಾಕಿಸಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಇಂಡಿಯಾದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ಬದಲಾಯಿಸಿತು. ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್ ಪ್ಯಾಕ್‌ಗಳನ್ನು ಕಂಪನಿಗಳು ಕೊಡಲೇಬೇಕು ಅಂದಿತು. ಅಂಥ ಪ್ಯಾಕ್‌ಗಳಿಗೆ 365 ದಿನದವರೆಗೂ ವ್ಯಾಲಿಡಿಟಿ ಇರಬಹುದು ಅಂದಿತು. ತಮ್ಮ ಬೆಂಗಳೂರಿನಿಂದ ಅದನ್ನೇ ಹಾಕಿಸಿ ಫೋನ್ ಮಾಡಿದ: “ಅಣ್ಣಾ, ನಿನ್ನ ನಂಬರ್‌ಗೆ ವರ್ಷದ ಪ್ಯಾಕ್ ಹಾಕ್ಸಿದೀನಿ. ಎರಡು ಸಾವಿರದ ಒಳಗೇ ಆಯ್ತು. ನೆಟ್ ಇರಲ್ಲ, ಬರೀ ಕಾಲು, ಮೆಸೇಜು.” ನಮಗೆ ಬೇಕಾದದ್ದೂ ಅಷ್ಟೇ.

ಇದರಿಂದಲೇ ಫೋನಿಗೆ ಮೊದಲ ಷರತ್ತು ಸಿಕ್ಕಿತು. ಒಂದು ಪ್ಲಾಸ್ಟಿಕ್ ಸಿಮ್, ಒಂದು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್), ಎರಡೂ ಒಟ್ಟಿಗೆ ನಡೆಯಬೇಕು. ಊರಿನ ಸಿಮ್ ಪ್ಲಾಸ್ಟಿಕ್ಕಿನದೇ ಇರಲಿ, ಜರ್ಮನಿಯದು ಇ-ಸಿಮ್ ಆಗಲಿ ಅಂತ ಯೋಚನೆ. ಎರಡನೆಯದು ಎನ್‌ಎಫ್‌ಸಿ, ಅಂದರೆ ಹತ್ತಿರ ಹಿಡಿದ ಕಾರ್ಡಿನ ಚಿಪ್ ಓದುವ ಸೌಲಭ್ಯ. ಇಲ್ಲಿನ ನಮ್ಮ ವಾಸದ ಪರವಾನಗಿ ಕಾರ್ಡಿನಲ್ಲಿ ಚಿಪ್ ಇದೆ. ಫೋನಿನ ಹಿಂದೆ ಕಾರ್ಡ್ ಹಿಡಿದು ಪಿನ್ ಹಾಕಿದರೆ ಆನ್‌ಲೈನ್‌ನಲ್ಲೇ ಗುರುತು ದೃಢವಾಗುತ್ತದೆ. ಜರ್ಮನಿಯಲ್ಲಿ 2017ರ ಜುಲೈನಿಂದ ಪ್ರೀಪೇಯ್ಡ್ ಸಿಮ್‌ಗೂ ಗುರುತಿನ ಚೀಟಿ ತೋರಿಸುವುದು ಕಡ್ಡಾಯ. ಕಾರ್ಡಿನ ಪಿನ್ ಇದ್ದರೆ ಪೋಸ್ಟ್ ಆಫೀಸಿನಲ್ಲಿ ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಊರಿಂದ ಯಾರಾದರೂ ಬರುವಾಗ ಫೋನ್ ತರಿಸಿದರೆ ಆಗಲ್ವಾ ಅಂತ ಹೆಂಡತಿ ಕೇಳಿದಳು. ನೋಡಿದೆವು. ಬೆಲೆ ಸ್ವಲ್ಪ ಕಡಿಮೆಯೇ. ಆದರೆ ಒಂದೇ ಹೆಸರಿನ ಮಾಡೆಲ್ ಆದರೂ ಅಲ್ಲಿಯದರಲ್ಲಿ ಇ-ಸಿಮ್ ಇಲ್ಲದೆ ಇರಬಹುದು. 4ಜಿಯಲ್ಲೇ ಕರೆ ಮಾಡಿಸುವ ವೋಲ್ಟಿ ಇಲ್ಲಿನ ನೆಟ್‌ವರ್ಕ್‌ನಲ್ಲಿ ಆನ್ ಆಗದೆ ಇರಬಹುದು. ಟೆಲಿಕಾಮ್, ವೊಡಾಫೋನ್ ಎರಡೂ 2021ರ ಜೂನ್ 30ಕ್ಕೆ 3ಜಿ ನಿಲ್ಲಿಸಿವೆ. ವೋಲ್ಟಿ ಇಲ್ಲದಿದ್ದರೆ ಕರೆ 2ಜಿಗೆ ಇಳಿಯುತ್ತದೆ. ಟೆಲಿಕಾಮ್ 2028ರ ಜೂನ್ 30ಕ್ಕೆ 2ಜಿಯನ್ನೂ ನಿಲ್ಲಿಸುವುದಾಗಿ ಹೇಳಿದೆ. ಇಲ್ಲಿ ಕೊಂಡರೆ ಎರಡು ವರ್ಷ ಮಾರಿದವರೇ ದೋಷಕ್ಕೆ ಹೊಣೆ. ಆನ್‌ಲೈನ್‌ನಲ್ಲಿ ಕೊಂಡರೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ಇಲ್ಲಿಯೇ ಕೊಳ್ಳುವುದು ಅಂತಾಯಿತು.

ಫೋನ್ ಆರಿಸುವಾಗ ನನಗೆ ನಿಜವಾಗಿ ಸಹಾಯ ಮಾಡಿದ್ದು ಒಂದು ಕಾಗದದ ಚೀಟಿ. 2025ರ ಜೂನ್ 20ರಿಂದ ಯೂರೋಪಿಯನ್ ಯೂನಿಯನ್‌ನಲ್ಲಿ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನ್‌ಗಳಿಗೆ ಲೇಬಲ್ ಕಡ್ಡಾಯ, ನಮ್ಮಲ್ಲಿ ಫ್ರಿಜ್ ಮೇಲೆ ಸ್ಟಾರ್ ಇರುತ್ತದಲ್ಲ ಹಾಗೆ. ಮೇಲೆ ಎ ಇಂದ ಜಿ ತನಕ ವಿದ್ಯುತ್ ದರ್ಜೆ. ಅದರ ಕೆಳಗೆ ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಗಂಟೆ, ಎಷ್ಟು ನಿಮಿಷ ಬರುತ್ತದೆ ಅನ್ನುವುದು. ಆಮೇಲೆ ಕೆಳಗೆ ಬಿದ್ದರೆ ತಡೆಯುವ ದರ್ಜೆ, ರಿಪೇರಿ ಎಷ್ಟು ಸುಲಭ ಅನ್ನುವ ದರ್ಜೆ, ಬ್ಯಾಟರಿ ಎಷ್ಟು ಸಲದ ಚಾರ್ಜ್ ತಡೆಯುತ್ತದೆ ಅನ್ನುವುದು, ನೀರು, ಧೂಳು ಎಷ್ಟು ತಡೆಯುತ್ತದೆ ಅನ್ನುವ ಐಪಿ ಸಂಖ್ಯೆ. ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ 80 ಪರ್ಸೆಂಟ್ ಉಳಿಸಿಕೊಳ್ಳಬೇಕು ಅಂತ ಅವತ್ತೇ ಜಾರಿಗೆ ಬಂದ ಇನ್ನೊಂದು ನಿಯಮ ಹೇಳುತ್ತದೆ. ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಕೊಡಬೇಕು. ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟಿದ್ದ ಎರಡು ಫೋನ್‌ಗಳ ಚೀಟಿ ಓದಿದೆ. ಬೆಲೆ ಜಾಸ್ತಿ ಇದ್ದ ಫೋನಿಗೇ ರಿಪೇರಿಯಲ್ಲಿ ಕಡಿಮೆ ದರ್ಜೆ. ಮಾರುವವರು ಕ್ಯಾಮೆರಾ ಬಗ್ಗೆಯೇ ಹೇಳುತ್ತಿದ್ದರು, ಚೀಟಿ ಕಡೆ ಕೈ ತೋರಿಸಲೇ ಇಲ್ಲ.

ಕೊನೆಗೆ ಮೂರು ಫೋನ್ ಉಳಿದವು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ56, ಗೂಗಲ್ ಪಿಕ್ಸೆಲ್ 9ಎ, ಫೇರ್‌ಫೋನ್‌ನ ಆರನೇ ತಲೆಮಾರಿನದು. ಬಿಡುಗಡೆಯಾದಾಗ ಜರ್ಮನಿಯಲ್ಲಿ ಬೆಲೆ 479, 549, 599 ಯೂರೊ. ಅಪ್‌ಡೇಟ್ ಕೊಡುತ್ತೇವೆ ಅಂದಿರುವುದು ಆರು, ಏಳು, ಎಂಟು ವರ್ಷ. ಭಾಗಿಸಿ ನೋಡಿ. ವರ್ಷಕ್ಕೆ ಸುಮಾರು 80, 78, 75 ಯೂರೊ. ಹೆಚ್ಚು ಕಡಿಮೆ ಒಂದೇ! ಬೆಲೆಯ ಹಲಗೆ ನೋಡಿ ಒಂದು ಅಗ್ಗ, ಒಂದು ದುಬಾರಿ ಅಂದುಕೊಳ್ಳುವುದು ಎಷ್ಟು ಪೊಳ್ಳು ಅಂತ ಅವತ್ತು ಕಂಡಿತು.

ಮನಸ್ಸು ಫೇರ್‌ಫೋನ್ ಕಡೆಗೇ ಎಳೆಯುತ್ತಿತ್ತು. ಸ್ಕ್ರೂ ಬಿಚ್ಚಿ ಬ್ಯಾಟರಿ ನಾವೇ ಬದಲಾಯಿಸಬಹುದು. ಐದು ವರ್ಷದ ವಾರಂಟಿ. ಫೋನ್ ಅಂದರೆ ಹೀಗಿರಬೇಕು, ಎರಡು ವರ್ಷಕ್ಕೆ ಬಿಸಾಡುವ ವಸ್ತು ಆಗಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆದರೆ ವರ್ಷಕ್ಕೊಮ್ಮೆ ನಾವು ಊರಿಗೆ ಹೋಗಿ ತಿಂಗಳಿರುತ್ತೇವೆ. ಫೇರ್‌ಫೋನ್ ಇಂಡಿಯಾದಲ್ಲಿ ಮಾರುವುದಿಲ್ಲ. ಅಲ್ಲಿ ಡಿಸ್‌ಪ್ಲೇ ಒಡೆದರೆ ಜರ್ಮನಿಗೆ ಬರುವ ತನಕ ಕಾಯಬೇಕು. ಸ್ಯಾಮ್‌ಸಂಗ್ ಆದರೆ ಹಾಸನದಲ್ಲೇ ರಿಪೇರಿ ಆಗುತ್ತದೆ. ಇಲ್ಲೇ ನೆಲೆ ನಿಂತವರಿಗೆ ನಾನು ಫೇರ್‌ಫೋನನ್ನೇ ಹೇಳುತ್ತೇನೆ. ನಾವು ಎ56 ಕೊಂಡೆವು. ಆಗ 389 ಯೂರೊಗೆ ಇಳಿದಿತ್ತು, ಕಂಪನಿ 1 ಯೂರೊಗೆ ಕೊಡುತ್ತೇನೆ ಅಂದದ್ದೂ ಅದನ್ನೇ.

ಇನ್ನು ನಂಬರ್ ಒಯ್ಯುವ ಕೆಲಸ. ನಮ್ಮ ಕಡೆಯವರೆಲ್ಲ ಇದನ್ನು ಗಮನವಿಟ್ಟು ಓದಬೇಕು. ಹೊಸ ಕಂಪನಿಗೆ ಅರ್ಜಿ ಹಾಕಿ ಎರಡು ದಿನಕ್ಕೆ ಉತ್ತರ ಬಂತು: ಹಳೆ ಕಂಪನಿ ನಂಬರ್ ಬಿಡುತ್ತಿಲ್ಲ, ಹೆಸರು ಹೊಂದುತ್ತಿಲ್ಲ. ಇಲ್ಲಿ ನಂಬರ್ ಒಯ್ಯಲು ಎರಡೂ ಕಡೆ ಹೆಸರು, ಹುಟ್ಟಿದ ದಿನ ಅಕ್ಷರ ಬಿಡದೆ ಒಂದೇ ಆಗಿರಬೇಕು. ನಮಗೆ ಮನೆತನದ ಹೆಸರು ಅಂತ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ. ಎರಡು ವರ್ಷದ ಹಿಂದೆ ಅಂಗಡಿಯವರು ಕಾಂಟ್ರಾಕ್ಟ್ ಟೈಪ್ ಮಾಡುವಾಗ ಅಪ್ಪನ ಹೆಸರನ್ನು ನನ್ನ ಹೆಸರಿನ ಜಾಗಕ್ಕೆ, ನನ್ನ ಹೆಸರನ್ನು ಮನೆತನದ ಜಾಗಕ್ಕೆ ಹಾಕಿದ್ದರು. ಬಿಲ್ ಮೇಲೆ ಎರಡೂ ಹೆಸರು ಇರುವುದರಿಂದ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಸರಿ ಮಾಡಿ ಅಂತ ಹಳೆ ಕಂಪನಿಗೆ ಪಾಸ್‌ಪೋರ್ಟ್ ಪ್ರತಿ ಸಮೇತ ಬರೆದೆ. ಉತ್ತರವೇ ಇಲ್ಲ. ಹೆಲ್ಪ್‌ಲೈನ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು.

ದಾರಿ ತೋರಿಸಿದ್ದು ಹೊಸ ಕಂಪನಿಯ ಹೆಂಗಸೊಬ್ಬರು. ತಾಳ್ಮೆಯಿಂದ ಕೇಳಿ, “ಹಳೆಯವರಲ್ಲಿ ಹೇಗೆ ಬರೆದಿದೆಯೋ ಹಾಗೇ ನಾವು ಕಳಿಸುತ್ತೇವೆ. ಫಾರ್ಮ್‌ನಲ್ಲಿ ಹಳೆ ಕಂಪನಿಯಲ್ಲಿರುವ ಹೆಸರು ಬೇರೆ ಇದ್ದರೆ ಬರೆಯಿರಿ ಅಂತ ಜಾಗ ಇದೆ, ಅಲ್ಲಿ ತಿರುಗಿಸಿ ಬರೆಯಿರಿ” ಅಂದರು. ಹಾಗೇ ಮಾಡಿದೆ, ಆಯಿತು. ಕಾಂಟ್ರಾಕ್ಟ್ ಮುಗಿದು ಒಂದು ತಿಂಗಳವರೆಗೂ ನಂಬರ್ ಕೇಳುವ ಹಕ್ಕು ನಮಗಿದೆ. ಆದ್ದರಿಂದ ಗಾಬರಿ ಬೇಡ. ಇನಿಷಿಯಲ್ ಇರುವವರು, ಊರ ಹೆಸರು ಸೇರಿಸಿಕೊಂಡವರು, ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿದವರು ಮೊದಲು ಹಳೆ ಬಿಲ್ ತೆಗೆದು ಹೆಸರು ನೋಡಿಕೊಳ್ಳಿ.

ಹೊಸ ಫೋನಿಗೆ ಎಲ್ಲವನ್ನೂ ಸಾಗಿಸುವಾಗಲೂ ಒಂದು ತೊಡಕಿದೆ. ಫೋಟೊ, ಕಾಂಟ್ಯಾಕ್ಟು ಕೇಬಲ್ ಹಾಕಿದರೆ ಬಂದುಬಿಡುತ್ತವೆ. ಬ್ಯಾಂಕ್ ಆ್ಯಪ್‌ಗಳು ಬರುವುದಿಲ್ಲ. ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ಶುರುವಾಗಬೇಕಾದರೆ ಆ ಫೋನಿನಿಂದಲೇ, ಊರಿನ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಬ್ಯಾಂಕಿಗೆ ಹೋಗಬೇಕು. ಬರುವ ಮೆಸೇಜ್ ರೋಮಿಂಗ್‌ನಲ್ಲಿ ಉಚಿತ, ಹೋಗುವುದು ಅಲ್ಲ. ವರ್ಷದ ಪ್ಯಾಕ್‌ನ ಎಸ್ಸೆಮ್ಮೆಸ್ ವಿದೇಶದಲ್ಲಿ ಲೆಕ್ಕಕ್ಕಿಲ್ಲ. ತಮ್ಮನಿಗೆ ಹೇಳಿ ಒಂದು ದಿನದ ರೋಮಿಂಗ್ ಪ್ಯಾಕ್ ಹಾಕಿಸಿ, ಅದೇ ದಿನ ಎಲ್ಲ ಇಂಡಿಯನ್ ಆ್ಯಪ್‌ಗಳನ್ನೂ ಒಟ್ಟಿಗೆ ಮುಗಿಸಿದೆವು. ಇಲ್ಲಿನ ಬ್ಯಾಂಕಿನ ಆ್ಯಪ್‌ಗೆ ಬೇಕಾದ ಕೋಡ್ ಅಂಚೆಯಲ್ಲಿ ಬರುತ್ತದೆ, ಕೆಲವು ದಿನ ಹಿಡಿಯುತ್ತದೆ. ಅದು ಬರುವ ತನಕ ಹಳೆ ಫೋನನ್ನು ಅಳಿಸಲೇಬೇಡಿ. ಊರಿನ ಸಿಮ್‌ಗೆ ಡೇಟಾ ರೋಮಿಂಗ್ ಆಫ್ ಮಾಡಿ, ಕರೆ ಮತ್ತು ಡೇಟಾ ಎರಡಕ್ಕೂ ಜರ್ಮನಿಯ ಇ-ಸಿಮ್ ಅನ್ನೇ ಮುಖ್ಯ ಅಂತ ಇಡಿ.

ಹಳೆ ಫೋನ್ ರೀಸೆಟ್ ಮಾಡಿ ಅಮ್ಮನಿಗೆ ಅಂತ ಇಟ್ಟಿದ್ದೇವೆ, ಮುಂದಿನ ತಿಂಗಳು ಬೆಂಗಳೂರಿಗೆ ಹೋಗುವ ಸ್ನೇಹಿತರ ಕೈಯಲ್ಲಿ ಕಳಿಸುತ್ತೇವೆ. ಹೆಂಡತಿಯ ಕಾಂಟ್ರಾಕ್ಟ್ ಬರುವ ಮಾರ್ಚ್‌ಗೆ ಮುಗಿಯುತ್ತದೆ. ರದ್ದು ಮಾಡಿ ಆಗಿದೆ, ಇಮೇಲ್ ಬಂದಿದೆ. ಬಿಲ್‌ನಲ್ಲಿ ಹೆಸರು ನೋಡಿದೆವು. ಅವಳದನ್ನೂ ತಿರುಗಿಸಿಯೇ ಬರೆದಿದ್ದಾರೆ. ಈ ಸಲ ಹೊಸ ಕಂಪನಿಯ ಫಾರ್ಮ್‌ನಲ್ಲಿ ಮೊದಲೇ ಹಾಗೆ ತುಂಬಿಸುತ್ತೇವೆ.